ಹನ್ನೆರಡು ಮನೆಯ ಕ್ವಿಲ್ಟ್: ಬ್ಲಾಕ್ ವಿನಿಮಯ ಮಾಡಿಕೊಳ್ಳುವ ಕ್ರಮ

ಕೌದಿ ಹೊಲಿಯುವವರಿಗೆ ಅಳತೆಯ ಹಂಗು ಕಡಿಮೆ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಕೈಗೆ ಸಿಕ್ಕ ತುಂಡುಗಳನ್ನಿಟ್ಟು, ಅಂಚು ಮಡಚಿ ಹೊಲಿದುಕೊಂಡು ಹೋದರಾಯಿತು. ಒಂದು ತುಂಡು ಚಿಕ್ಕದಾದರೆ ಪಕ್ಕದ್ದು ಅದನ್ನು ಮುಚ್ಚಿಕೊಳ್ಳುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಯೂ ಹಾಗೆಯೇ. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಯಾವ ತುಂಡು ಎಷ್ಟು ದೊಡ್ಡದಿರಬೇಕೆಂದು ಆ ಹೊತ್ತಿಗೆ ಕೈಯೇ ತೀರ್ಮಾನಿಸುತ್ತದೆ.

ಬ್ಲಾಕ್ ಕ್ವಿಲ್ಟ್ ಬೇರೆ ಜಾತಿಯದು. ಇಲ್ಲಿ ಮೊದಲು ಬ್ಲಾಕ್ ಎನ್ನುವ ಚೌಕಗಳನ್ನು ಒಂದೊಂದಾಗಿ ಹೊಲಿದು, ಆಮೇಲೆ ಅವನ್ನು ಸಾಲಾಗಿ ಜೋಡಿಸುತ್ತಾರೆ. ಆ ಚೌಕಗಳು ಒಂದೇ ಮನೆಯಲ್ಲಿ ಹೊಲಿದವಾದರೆ ಎಲ್ಲ ತಪ್ಪುಗಳೂ ಒಂದೇ ತೆರನಾಗಿರುತ್ತವೆ, ಹೇಗೋ ಹೊಂದಿಕೊಳ್ಳುತ್ತವೆ. ಹನ್ನೆರಡು ಮನೆಯಿಂದ ಬಂದರೆ ಹನ್ನೆರಡು ಥರದ ತಪ್ಪು. ವಿನಿಮಯದಲ್ಲಿ, ಅಂದರೆ ಗುಂಪಿನವರು ತಾವು ಹೊಲಿದ ಬ್ಲಾಕ್‌ಗಳನ್ನು ಅದಲುಬದಲು ಮಾಡಿಕೊಳ್ಳುವಾಗ, ಮುನಿಸು ಬರುವುದು ಹೆಚ್ಚಾಗಿ ಬಣ್ಣದಿಂದಲ್ಲ, ಅಳತೆಯಿಂದ. ಆದ್ದರಿಂದ ಈ ಲೇಖನದ ಬಹುಪಾಲು ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಕಾಲು ಇಂಚಿನ ಸುತ್ತಲೇ ತಿರುಗುತ್ತದೆ.

ಪದ್ಧತಿ ಅಮೆರಿಕದ್ದು. 1840ರ ದಶಕದಲ್ಲಿ ಅಲ್ಲಿನ ಪೂರ್ವ ರಾಜ್ಯಗಳಲ್ಲಿ ಸ್ನೇಹಿತೆಯರು, ಬಂಧುಗಳು ತಲಾ ಒಂದು ಬ್ಲಾಕ್ ಹೊಲಿದು, ಅಳಿಸದ ಶಾಯಿಯಲ್ಲಿ ಹೆಸರು ಬರೆದು, ಊರು ಬಿಟ್ಟು ಪಶ್ಚಿಮಕ್ಕೆ ಹೊರಟವಳಿಗೋ ಮದುವೆಯಾಗಿ ಹೋಗುವವಳಿಗೋ ಕೊಡುತ್ತಿದ್ದರು. ಬಾಲ್ಟಿಮೋರ್‌ನ ಆಲ್ಬಮ್ ಕ್ವಿಲ್ಟ್‌ಗಳು ಆ ಕಾಲದವೇ. ಮುಂದೆ ಬ್ಲಾಕ್ ನಮೂನೆಗಳನ್ನು ಪತ್ರಿಕೆಗಳೂ ಅಚ್ಚು ಹಾಕತೊಡಗಿದವು. ಕ್ಯಾನ್ಸಸ್ ಸಿಟಿ ಸ್ಟಾರ್ ಎಂಬ ಒಂದು ಪತ್ರಿಕೆಯೇ 1928ರಿಂದ 1961ರವರೆಗೆ ಪ್ರಕಟಿಸುತ್ತ ಬಂತು. ಇಂದಿನ ಗುಂಪುಗಳಲ್ಲಿ ಕೊಡುವುದರ ಜೊತೆಗೆ ಪಡೆಯುವುದೂ ಸೇರಿಕೊಂಡಿದೆ: ಹನ್ನೆರಡು ಜನರಿದ್ದರೆ ಪ್ರತಿಯೊಬ್ಬರೂ ಒಂದೇ ನಮೂನೆಯ ಹನ್ನೆರಡು ಬ್ಲಾಕ್ ಹೊಲಿಯುತ್ತಾರೆ, ಒಂದನ್ನು ಇಟ್ಟುಕೊಂಡು ಹನ್ನೊಂದನ್ನು ಕೊಡುತ್ತಾರೆ, ಹನ್ನೆರಡು ಬೇರೆ ಬೇರೆ ಬಟ್ಟೆಯ ಬ್ಲಾಕ್‌ಗಳೊಂದಿಗೆ ಮನೆಗೆ ಹೋಗುತ್ತಾರೆ.

ಕತ್ತರಿಗೆ ಮುಂಚೆ ಕಾಗದ

ಒಬ್ಬರು ಸಂಚಾಲಕಿ ಬೇಕು. ಇಬ್ಬರಾದರೆ ಎರಡು ಥರದ ಉತ್ತರ ಹೊರಡುತ್ತದೆ. ಅವರು ಮಾಡಬೇಕಾದ ಮೊದಲ ಕೆಲಸ ಒಂದು ಪುಟದ ನಿಯಮ ಬರೆದು ಎಲ್ಲರಿಗೂ ಕಳಿಸುವುದು. ವಾಟ್ಸಾಪ್ ಗುಂಪಿನಲ್ಲಿ ಬಿಡಿ ಬಿಡಿಯಾಗಿ ಹೇಳಿದ ಮಾತು ಮೂರನೇ ದಿನಕ್ಕೆ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಒಂದೇ ಪುಟವಾಗಿದ್ದರೆ ಮುದ್ರಿಸಿ ಮಷಿನ್ ಪಕ್ಕ ಅಂಟಿಸಿಕೊಳ್ಳಬಹುದು.

ಪುಟದಲ್ಲಿ ಇರಲೇಬೇಕಾದವು: ಯಾವ ನಮೂನೆ, ಎಷ್ಟು ಬ್ಲಾಕ್, ಹಿನ್ನೆಲೆ ಬಟ್ಟೆ ಯಾವುದು, ಬಟ್ಟೆ ತೊಳೆದು ಕತ್ತರಿಸಬೇಕೋ ಹಾಗೆಯೇ ಕತ್ತರಿಸಬೇಕೋ, ಇಸ್ತ್ರಿಯಲ್ಲಿ ಹೊಲಿಗೆಯನ್ನು ಯಾವ ಕಡೆ ಮಡಚಬೇಕು, ಕೊನೆಯ ದಿನ ಯಾವುದು, ತಡವಾದರೆ ಏನು. ಅಳತೆ ಬರೆಯುವಾಗ ಎರಡನ್ನೂ ಬರೆಯಿರಿ: ಹೊಲಿದು ಕೈಗೆ ಕೊಡುವಾಗ 12½ ಇಂಚು, ಕ್ವಿಲ್ಟ್‌ನಲ್ಲಿ ಕೂತ ಮೇಲೆ 12 ಇಂಚು. ಸುತ್ತಲಿನ ಕಾಲು ಕಾಲು ಇಂಚು ಜೋಡಣೆಯ ಹೊಲಿಗೆಯಲ್ಲಿ ಒಳಗೆ ಹೋಗುತ್ತದೆ. ಬರೀ ‘12 ಇಂಚಿನ ಬ್ಲಾಕ್’ ಎಂದು ಬರೆದ ಗುಂಪುಗಳಲ್ಲಿ ಅರ್ಧ ಜನ 12, ಅರ್ಧ ಜನ 12½ ಮಾಡಿ ತರುವುದು ಖಚಿತ.

ಎಷ್ಟು ಜನ ಸೇರಬೇಕೆಂಬುದನ್ನು ಕ್ವಿಲ್ಟ್‌ನ ಗಾತ್ರವೇ ಹೇಳುತ್ತದೆ. 12 ಬ್ಲಾಕ್‌ಗಳನ್ನು ಅಡ್ಡಕ್ಕೆ 3, ಉದ್ದಕ್ಕೆ 4 ಇಟ್ಟರೆ 36×48 ಇಂಚು, ಮಗುವಿನ ಹೊದಿಕೆ. ಬ್ಲಾಕ್‌ಗಳ ನಡುವೆ ಮತ್ತು ಸುತ್ತ 2 ಇಂಚಿನ ಪಟ್ಟಿ ಕೊಟ್ಟರೆ 44×58. ಅದರ ಸುತ್ತ 4 ಇಂಚಿನ ಅಂಚು ಕೊಟ್ಟರೆ 52×66, ದೊಡ್ಡವರು ಕಾಲ ಮೇಲೆ ಹೊದ್ದು ಕೂರುವಷ್ಟು. 20 ಜನರಿದ್ದರೆ 4×5 ಜೋಡಣೆಯಲ್ಲಿ, ಅದೇ 2 ಇಂಚಿನ ಪಟ್ಟಿಯೊಂದಿಗೆ 58×72 ಬರುತ್ತದೆ. ಆದರೆ ಮೊದಲ ವಿನಿಮಯಕ್ಕೆ 20 ಜನ ಬೇಡ. ಒಬ್ಬೊಬ್ಬರಿಗೂ 20 ಬ್ಲಾಕ್ ಅಂದರೆ ಅರ್ಧ ದಾರಿಯಲ್ಲಿ ಉಸಿರು ಕಟ್ಟುತ್ತದೆ. ಎಂಟರಿಂದ ಹನ್ನೆರಡು ಜನ ಸಾಕು. ಎರಡು ತಿಂಗಳ ಗಡುವು ಕೊಡಿ, ನಡುವೆ ಹಬ್ಬ ಬರದ ಹಾಗೆ ನೋಡಿಕೊಳ್ಳಿ. ದಸರಾ-ದೀಪಾವಳಿ ಹೊತ್ತಿನಲ್ಲಿ ಹೊಲಿಗೆ ಗೊತ್ತಿರುವವರೆಲ್ಲ ಬೇರೆಯವರ ಬ್ಲೌಸಿನಲ್ಲಿ ಮುಳುಗಿರುತ್ತಾರೆ.

ಪ್ರತಿಯೊಬ್ಬರೂ ಒಂದು ಬ್ಲಾಕ್ ಹೆಚ್ಚಿಗೆ ಹೊಲಿಯಲಿ. ಒಬ್ಬರು ಕೈಬಿಟ್ಟರೆ, ಒಂದು ಬ್ಲಾಕ್ ತೀರಾ ಕೆಟ್ಟಿದ್ದರೆ, ಈ ಹೆಚ್ಚುವರಿ ಕಟ್ಟಿನಿಂದ ತುಂಬಿಸಬಹುದು. ಉಳಿದರೆ ಸೇರಿಸಿ ಮತ್ತೊಂದು ಹೊದಿಕೆ.

ಬಟ್ಟೆ

ನೂರಕ್ಕೆ ನೂರು ಹತ್ತಿ ಎಂದು ನಿಯಮದಲ್ಲಿ ಬರೆದರೂ ಟೆರಿಕಾಟನ್ ನುಸುಳುತ್ತದೆ. ಅಂಗಡಿಯವರು ಟೂ ಬೈ ಟೂ ಎಂದು ಕೊಡುವ ಬ್ಲೌಸ್ ಪೀಸ್‌ಗಳಲ್ಲೂ ಪಾಲಿಯೆಸ್ಟರ್ ಬೆರೆತವು ಬೇಕಾದಷ್ಟಿವೆ. ಅಂಚಿನಿಂದ ನಾಲ್ಕು ಎಳೆ ಕಿತ್ತು ಬೆಂಕಿ ತಾಗಿಸಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ, ಪಾಲಿಯೆಸ್ಟರ್ ಇದ್ದರೆ ತುದಿ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ಬಟ್ಟೆ ಇಸ್ತ್ರಿಯಲ್ಲಿ ಮಡಿಕೆ ಹಿಡಿಯುವುದಿಲ್ಲ, ಹತ್ತಿಗೆ ಬೇಕಾದ ಶಾಖದಲ್ಲಿ ಮುದುಡುತ್ತದೆ. ಪಾಪ್ಲಿನ್, ಕೇಂಬ್ರಿಕ್ ಎರಡೂ ಒಳ್ಳೆಯವು. ಮಲ್ಮಲ್, ವಾಯಿಲ್ ತೆಳು. ಒಳಗಿನ ಹೊಲಿಗೆ ಮೇಲೆ ಕಾಣುತ್ತದೆ. ಹಳೆ ಸೀರೆ ಕೌದಿಗೆ ಚಿನ್ನ, ವಿನಿಮಯಕ್ಕೆ ಅಲ್ಲ: ಸವೆದ ಬಟ್ಟೆ ಪಕ್ಕದ ಹೊಸ ಬಟ್ಟೆಗಿಂತ ಎಷ್ಟೋ ಮೊದಲು ಹರಿಯುತ್ತದೆ, ಅದೂ ಇನ್ನೊಬ್ಬರ ಕ್ವಿಲ್ಟ್‌ನಲ್ಲಿ.

ಇಳಕಲ್ ಸೀರೆಯ ಒಡಲಿನ ಬಟ್ಟೆ, ಗುಳೇದಗುಡ್ಡದ ಖಣ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಸೇರಿಸಿ, ಆದರೆ ಖಣ ಕತ್ತರಿಸಿದ ಕಡೆಯೆಲ್ಲ ಎಳೆ ಬಿಚ್ಚುತ್ತದೆ. ಕತ್ತರಿಸುವ ಮೊದಲೇ ಹಿಂಬದಿಗೆ ತೀರಾ ತೆಳುವಾದ ಫ್ಯೂಸಿಂಗ್ (ಶಾಖಕ್ಕೆ ಅಂಟುವ ಒಳಬಟ್ಟೆ) ಇಸ್ತ್ರಿ ಮಾಡಿ ಅಂಟಿಸಿದರೆ ನಿಲ್ಲುತ್ತದೆ. ದಪ್ಪ ಬಕ್ರಮ್ ಬೇಡ, ಕಾಲರ್ ಹಾಗೆ ಸೆಟೆದು ನಿಲ್ಲುತ್ತದೆ.

ಬಿಳಿ ಹಿನ್ನೆಲೆ ಎಂದು ಹೇಳಿ ಬಿಟ್ಟರೆ ಹಾಲುಬಿಳಿ, ನೀಲಿಬಿಳಿ, ಕೆನೆ, ಗೋಧಿ ಎಲ್ಲವೂ ಬರುತ್ತವೆ. ಬಿಡಿಯಾಗಿ ನೋಡಿದಾಗ ಎಲ್ಲವೂ ಬಿಳಿಯೇ, ಪಕ್ಕಪಕ್ಕ ಇಟ್ಟಾಗ ಅರ್ಧಕ್ಕರ್ಧ ಕೊಳೆಯಾದಂತೆ ಕಾಣುತ್ತವೆ. ಪರಿಹಾರ ಸುಲಭ: ಸಂಚಾಲಕಿ ಒಂದೇ ಥಾನಿನಿಂದ ಎಲ್ಲರಿಗೂ ಹಿನ್ನೆಲೆ ಕೊಂಡು ಹಂಚುವುದು. ಕೆಳಗೆ ಹೇಳುವ ಬ್ಲಾಕ್‌ಗೆ, 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಹನ್ನೆರಡು ಬ್ಲಾಕ್‌ಗೆ ತಲಾ 1¼ ಮೀಟರ್, ಅಂದರೆ ಹನ್ನೆರಡು ಜನರಿಗೆ 15 ಮೀಟರ್. ಪನ್ನ 36 ಇಂಚಾದರೆ ತಲಾ ಒಂದೂವರೆ ಮೀಟರ್. ಬಣ್ಣದ ಬಟ್ಟೆ ಅವರವರ ಇಷ್ಟ. ಒಂದೇ ಬಟ್ಟೆಯಲ್ಲಿ ಹನ್ನೆರಡೂ ಮಾಡುವವರು ಒಂದು ಮೀಟರ್ ತೆಗೆದುಕೊಳ್ಳಲಿ. 80 ಸೆಂ.ಮೀ. ಬ್ಲೌಸ್ ಪೀಸಿನಲ್ಲಿ ಎಂಟು ಬ್ಲಾಕ್ ಆರಾಮಾಗಿ ಆಗುತ್ತವೆ, ಹನ್ನೆರಡಕ್ಕೆ ಕೈ ಮೀರುತ್ತದೆ.

ತೊಳೆಯುವ ವಿಚಾರದಲ್ಲಿ ನಮ್ಮ ಸಲಹೆ ಖಂಡಿತ: ಎಲ್ಲರೂ ತೊಳೆಯಲಿ. ಅಮೆರಿಕದ ಗುಂಪುಗಳಲ್ಲಿ ತೊಳೆಯದೆಯೇ ಹೊಲಿಯುವವರು ಬಹಳ, ಅವರ ಕ್ವಿಲ್ಟಿಂಗ್ ಬಟ್ಟೆಗೆ ಅದು ನಡೆಯುತ್ತದೆ. ನಮ್ಮ ಕೈಮಗ್ಗ, ಖಾದಿ, ಬಾಟಿಕ್, ಅಚ್ಚಿನ ಬಟ್ಟೆಗಳಿಗೆ ನಡೆಯುವುದಿಲ್ಲ. ಕುಗ್ಗುವುದು ಒಂದು, ಕೆಂಪು-ನೀಲಿ ಬಣ್ಣ ಬಿಡುವುದು ಇನ್ನೊಂದು. ತೊಳೆದ ಮೇಲೂ ಒದ್ದೆ ಬಟ್ಟೆಯ ಮೇಲೆ ಬಿಳಿ ತುಂಡಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ವಿನಿಮಯಕ್ಕೆ ಬಳಸಬೇಡಿ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಬಣ್ಣ ಹಾಕುವಾಗ ಹಂಡೆಯಲ್ಲಿ ಉಪ್ಪಿಗೆ ಕೆಲಸವಿದೆ, ಹಾಕಿ ಮುಗಿದ ಮೇಲೆ ಇಲ್ಲ. ತೊಳೆದ ಬಟ್ಟೆ ಮೆತ್ತಗಾಗಿ ಕತ್ತರಿಗೆ ಜಾರುತ್ತದಲ್ಲ, ಅದಕ್ಕೆ ತೆಳು ಗಂಜಿ ಹಾಕಿ ಅರೆಒಣಗಿದ್ದಾಗ ಇಸ್ತ್ರಿ ಮಾಡಿ. ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಡಬೇಡಿ, ಜಿರಲೆಗೆ ಹಬ್ಬ.

ಮೂರು ಪಟ್ಟಿಯ ಪರೀಕ್ಷೆ

ಗುಂಪಿನ ಪ್ರತಿಯೊಬ್ಬರೂ, ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುವವರೂ ಸಹ, ಇದನ್ನು ಮಾಡಬೇಕು. ಬ್ಲೌಸಿನಲ್ಲಿ ಮಾರ್ಜಿನ್ ಒಂದಿಂಚು ಬಿಟ್ಟು ಬೇಕಾದಾಗ ಬಿಚ್ಚಿ ಹಿಡಿಯುವ ಅಭ್ಯಾಸ. ಇಲ್ಲಿ ಕಾಲು ಇಂಚು ಅಂದರೆ ಕಾಲು ಇಂಚೇ.

1½ ಇಂಚು ಅಗಲ, 4 ಇಂಚು ಉದ್ದದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಒಂದರ ಪಕ್ಕ ಒಂದು ಹೊಲಿದು ಇಸ್ತ್ರಿ ಮಾಡಿ. ಒಟ್ಟು ಅಗಲ 3½ ಇಂಚು ಇರಬೇಕು, ನಡುವಿನ ಪಟ್ಟಿ ಸರಿಯಾಗಿ 1 ಇಂಚು. ನಡುವಿನದು ಕಡಿಮೆ ಬಂದರೆ ನೀವು ಹೆಚ್ಚು ಬಟ್ಟೆ ಒಳಗೆ ಹಿಡಿಯುತ್ತಿದ್ದೀರಿ.

ಮೊದಲ ಸಲ ಬಹುತೇಕರಿಗೆ ಕಡಿಮೆಯೇ ಬರುತ್ತದೆ. ಕಾಲು ಇಂಚಿಗೆ ಸರಿಯಾಗಿ ಹೊಲಿದರೂ ದಾರದ ದಪ್ಪ ಮತ್ತು ಮಡಿಕೆಯ ತಿರುವು ಒಂದಿಷ್ಟು ಬಟ್ಟೆ ತಿನ್ನುತ್ತವೆ. ಆದ್ದರಿಂದ ಸೂಜಿ ಕಾಲು ಇಂಚಿಗಿಂತ ಒಂದೆರಡು ಎಳೆಯಷ್ಟು ಹೊರಗೆ ಓಡಬೇಕು. ಕಾಲು ಇಂಚು ಅಂದರೆ 6.35 ಮಿ.ಮೀ.; ಹೊಲಿಯಬೇಕಾದದ್ದು ಸುಮಾರು 6. ಇದು ಅನುಕೂಲವೇ ಆಯಿತು, ಏಕೆಂದರೆ ಮಕ್ಕಳ ಗ್ರಾಫ್ ಹಾಳೆ ಮಿಲಿಮೀಟರಿನದು. ಹಾಳೆಯನ್ನು ಒಂದು ಗೆರೆಗೆ ಸರಿಯಾಗಿ ಕತ್ತರಿಸಿ, ಅಂಚಿನಿಂದ ಆರನೇ ಗೆರೆಯ ಮೇಲೆ ಸೂಜಿ ಇಳಿಸಿ, ಪಾದ ಇಳಿಸಿ, ಹಾಳೆಯ ಅಂಚಿಗೆ ತಾಗಿಸಿ ಮಷಿನ್ ಹಾಸಿನ ಮೇಲೆ ಮಾಸ್ಕಿಂಗ್ ಟೇಪ್‌ನ ನಾಲ್ಕೈದು ಪದರ ಅಂಟಿಸಿ. ಬಟ್ಟೆಯ ಅಂಚು ಆ ಗೋಡೆಗೆ ಒರಗಿ ಓಡಲಿ. ಕಾಲ್ತುಳಿತದ ಹಳೆ ಮಷಿನ್ನಿಗೂ ಇದೇ ಉಪಾಯ. ಪಾದದ ಅಂಚನ್ನು ನೋಡಿ ಹೊಲಿಯುವುದು ಬೇಡ, ಪಾದದಿಂದ ಪಾದಕ್ಕೆ ಅಗಲ ಬೇರೆ.

ಒಂದು ಹೊಲಿಗೆಯ ಎರಡೂ ಕಡೆ 1/16 ಇಂಚು ಹೆಚ್ಚು ಹಿಡಿದರೆ ಏನಾಗುತ್ತದೆ ನೋಡಿ. ಮುಂದೆ ಹೇಳುವ ಬ್ಲಾಕ್‌ನ ಮೇಲಿನ ಸಾಲಿನಲ್ಲಿ ಎರಡು ಜೋಡಣೆ, ಹಾಗಾಗಿ ಕಾಲು ಇಂಚು ಕಡಿಮೆ. ನಡುಸಾಲಿನಲ್ಲಿ ಪಟ್ಟಿಗಳ ಹೊಲಿಗೆಯೂ ಸೇರಿ ನಾಲ್ಕು ಜೋಡಣೆ, ಹಾಗಾಗಿ ಅರ್ಧ ಇಂಚು ಕಡಿಮೆ. ಬ್ಲಾಕ್ ಚಿಕ್ಕದಾಗುವುದಷ್ಟೇ ಅಲ್ಲ, ಡಮರಿನ ಹಾಗೆ ನಡು ಸಣ್ಣಗಾಗುತ್ತದೆ.

ಇನ್ನು ಅಳೆಯುವ ಸಾಧನ. ಹಳೆಯ ಟೈಲರ್ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ. ಸ್ಟೀಲ್ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಇಂಚಿನಲ್ಲಿ ಹೇಳಿದ್ದನ್ನು ಸೆಂಟಿಮೀಟರಿಗೆ ತಿರುಗಿಸಬೇಡಿ. ರೋಟರಿ ಕಟರ್ (ಉರುಳಿಸಿ ಕತ್ತರಿಸುವ ಚಕ್ರದಂಥ ಅಲಗು), ಅದರ ಕೆಳಗೆ ಹಾಸುವ ಮ್ಯಾಟ್, ಪಾರದರ್ಶಕ ಅಳತೆಪಟ್ಟಿ ಇದ್ದವರಿಗೆ ಕೆಲಸ ಬೇಗ. ಇಲ್ಲದವರು ಹಳೆಯ ಎಕ್ಸ್‌ರೇ ಹಾಳೆಯಲ್ಲಿ 5 ಇಂಚು, 4½ ಇಂಚಿನ ಚೌಕ ಕತ್ತರಿಸಿ ಅಚ್ಚು ಮಾಡಿಕೊಳ್ಳಿ. ರಟ್ಟಿನ ಅಚ್ಚು ಬೇಡ, ಹತ್ತು ಸಲ ಪೆನ್ಸಿಲ್ ಓಡಿದರೆ ಅಂಚು ಸವೆಯುತ್ತದೆ. ಸಂಚಾಲಕಿ ಒಂದೇ ಸಲ ಎಲ್ಲರಿಗೂ ಅಚ್ಚು ಕತ್ತರಿಸಿ ಕೊಟ್ಟರೆ ಅರ್ಧ ತಾಪತ್ರಯ ಮುಗಿಯಿತು.

ಕಡಗೋಲು ಬ್ಲಾಕ್

ಮೊದಲ ವಿನಿಮಯಕ್ಕೆ ಚರ್ನ್ ಡ್ಯಾಶ್ ಎಂಬ ಹಳೆಯ ನಮೂನೆ ಒಳ್ಳೆಯದು. ಹೆಸರಿನ ಅರ್ಥ ಬೆಣ್ಣೆ ಕಡೆಯುವ ಕೋಲಿನ ತಲೆ, ನಮ್ಮ ಕಡಗೋಲೇ. ಉಡುಪಿಯ ಕೃಷ್ಣನ ಕೈಯಲ್ಲಿರುವಂಥದ್ದು. ತುಂಡುಗಳು ದೊಡ್ಡವು, ಎರಡೇ ಬಣ್ಣ, ಯಾವ ಬಟ್ಟೆ ಹಾಕಿದರೂ ಗುರುತು ಸಿಗುತ್ತದೆ.

ಒಂದು ಬ್ಲಾಕ್‌ಗೆ ಬೇಕಾದ ತುಂಡುಗಳು:
– ಬಣ್ಣದ ಬಟ್ಟೆ: 5 ಇಂಚಿನ ಚೌಕ 2, 2½ × 19 ಇಂಚಿನ ಪಟ್ಟಿ 1
– ಹಿನ್ನೆಲೆ: 5 ಇಂಚಿನ ಚೌಕ 2; 2½ × 19 ಇಂಚಿನ ಪಟ್ಟಿ 1; 4½ ಇಂಚಿನ ಚೌಕ 1

ಬಣ್ಣದ ಚೌಕ, ಹಿನ್ನೆಲೆಯ ಚೌಕ ಒಳಮೈ ಹೊರಗೆ ಬರುವಂತೆ ಜೋಡಿಸಿ. ಹಿನ್ನೆಲೆಯ ಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಬಿಡಿಸಿದರೆ ಅರ್ಧ ಬಣ್ಣ, ಅರ್ಧ ಹಿನ್ನೆಲೆಯ ಎರಡು ಚೌಕ ಸಿಗುತ್ತವೆ. ಎರಡು ಜೋಡಿಯಿಂದ ನಾಲ್ಕು. ಲೆಕ್ಕದ ಪ್ರಕಾರ ಇವು 4⅝ ಇಂಚು ಬರುತ್ತವೆ. ಕರ್ಣದ ಹೊಲಿಗೆ ಎರಡು ಮೂಲೆಗೂ ಸರಿಯಾಗಿ ತಾಗುವಂತೆ ಅಚ್ಚಿಟ್ಟು 4½ಕ್ಕೆ ಕತ್ತರಿಸಿ. 4⅞ ಇಂಚಿನ ಚೌಕದಿಂದ ಶುರುಮಾಡಿದರೆ ಈ ಕತ್ತರಿಕೆ ಬೇಕಿಲ್ಲ ಎಂದು ನಮೂನೆ ಪುಸ್ತಕಗಳು ಹೇಳುತ್ತವೆ. ನಿಜ, ಕೈ ಪಳಗಿದ್ದರೆ. ಹನ್ನೆರಡು ಜನರ ಗುಂಪಿಗೆ ಆ ⅛ ಇಂಚಿನ ಉಳಿತಾಯ ದುಬಾರಿ.

ಪಟ್ಟಿಗಳೆರಡನ್ನೂ ಉದ್ದಕ್ಕೆ ಹೊಲಿದು ಇಸ್ತ್ರಿ ಮಾಡಿ. ಅಗಲ 4½ ಇದೆಯೇ ಎಂದು ಅಳೆದ ಮೇಲೆಯೇ 4½ ಇಂಚಿಗೆ ಒಂದರಂತೆ ನಾಲ್ಕು ತುಂಡು ಮಾಡಿ. ಕಡಿಮೆ ಇದ್ದರೆ ಇಲ್ಲೇ ಬಿಚ್ಚಿ. ಒಂದು ಹೊಲಿಗೆ ಬಿಚ್ಚುವುದು ಮುಂದೆ ಎಂಟು ಬಿಚ್ಚುವುದಕ್ಕಿಂತ ಲೇಸು.

ಈಗ ಒಂಬತ್ತು ಮನೆಯ ಹಾಗೆ ನೆಲದ ಮೇಲೆ ಹರಡಿ. ನಡುವೆ ಹಿನ್ನೆಲೆಯ ಚೌಕ. ಅದರ ನಾಲ್ಕು ಬದಿಗೆ ಪಟ್ಟಿಯ ಚೌಕಗಳು, ಬಣ್ಣದ ಪಟ್ಟಿ ನಡುಚೌಕಕ್ಕೆ ಅಂಟಿಕೊಂಡಿರಬೇಕು. ನಾಲ್ಕು ಮೂಲೆಗೆ ತ್ರಿಕೋನದ ಚೌಕಗಳು, ಬಣ್ಣದ ತ್ರಿಕೋನ ಒಳಕ್ಕೆ, ಹಿನ್ನೆಲೆಯದು ಹೊರಮೂಲೆಗೆ. ಒಂದು ಫೋಟೋ ತೆಗೆದುಕೊಂಡು ಹೊಲಿಯಲು ಕೂರಿ. ನೆಲದಿಂದ ಮಷಿನ್‌ವರೆಗೆ ಹೋಗುವಷ್ಟರಲ್ಲಿ ಒಂದು ತ್ರಿಕೋನ ತಿರುಗಿರುತ್ತದೆ. ಈ ಬ್ಲಾಕ್‌ನಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ, ಹೊಲಿದವರ ಕಣ್ಣಿಗೆ ಬೀಳುವುದು ಕೊನೆಗೆ.

ಮೂರು ಮೂರರಂತೆ ಸಾಲು ಹೊಲಿದು, ಮೂರು ಸಾಲನ್ನು ಜೋಡಿಸಿ. ಹೊಲಿಗೆಯ ಮಡಿಕೆಯನ್ನು ಮೇಲಿನ-ಕೆಳಗಿನ ಸಾಲಿನಲ್ಲಿ ನಡುವಿನ ಕಡೆಗೂ, ನಡುಸಾಲಿನಲ್ಲಿ ನಡುಚೌಕದ ಕಡೆಗೂ ಒತ್ತಿದರೆ ಎರಡೂ ಒಂದೇ ಬದಿಗೆ ಬಿದ್ದು ಉಬ್ಬು ಬರುತ್ತದೆ. ಆದ್ದರಿಂದ ಮೇಲೆ-ಕೆಳಗೆ ಹೊರಕ್ಕೆ, ನಡುಸಾಲಿನಲ್ಲಿ ಒಳಕ್ಕೆ. ಎದುರುಬದುರು ಬಿದ್ದ ಮಡಿಕೆಗಳು ಬೆರಳಿಗೆ ಕಚ್ಚಿಕೊಂಡಂತೆ ಸಿಗುತ್ತವೆ, ಅಲ್ಲಿ ಒಂದು ಗುಂಡುಪಿನ್ನು ಚುಚ್ಚಿ ಹೊಲಿಯಿರಿ. ಪಾಪ್ಲಿನ್‌ಗೆ 14 ನಂಬರ್ ಸೂಜಿ ನಡೆಯುತ್ತದೆ, 11 ಅಥವಾ 12 ಇನ್ನೂ ಒಳ್ಳೆಯದು. ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ ಸಾಕು. ಅದಕ್ಕಿಂತ ಸಣ್ಣದಾದರೆ ತಪ್ಪಿದಾಗ ಬಿಚ್ಚಲು ಬಾರದು.

ಹನ್ನೆರಡನ್ನೂ ಒಟ್ಟಿಗೆ ಕತ್ತರಿಸಬೇಡಿ. ಒಂದು ಬ್ಲಾಕ್ ಪೂರ್ತಿ ಮುಗಿಸಿ, ಸ್ಟೀಲ್ ಪಟ್ಟಿಯ ಪಕ್ಕ ಇಟ್ಟು ಫೋಟೋ ತೆಗೆದು ಸಂಚಾಲಕಿಗೆ ಕಳಿಸಿ, ಸರಿ ಎಂದ ಮೇಲೆ ಉಳಿದವು.

ಇಸ್ತ್ರಿ ಮತ್ತು ಅಂಚು

ಪಂಚೆಗೆ ತಿಕ್ಕಿದ ಹಾಗೆ ತಿಕ್ಕಬಾರದು. ತ್ರಿಕೋನದ ಕರ್ಣ ಬಟ್ಟೆಯ ಓರೆಯಲ್ಲಿದೆ, ಟೈಲರ್‌ಗಳು ಕ್ರಾಸ್ ಎನ್ನುತ್ತಾರಲ್ಲ, ಆ ದಿಕ್ಕು. ತಳ್ಳಿದರೆ ಎಳೆದುಕೊಂಡು ಅಲೆ ಅಲೆಯಾಗುತ್ತದೆ. ಇಸ್ತ್ರಿಪೆಟ್ಟಿಗೆ ಇಡಿ, ಒತ್ತಿ, ಎತ್ತಿ, ಪಕ್ಕಕ್ಕಿಡಿ. ಮೊದಲು ಹೊಲಿಗೆಯ ಮೇಲೆ ಹಾಗೆಯೇ ಒಮ್ಮೆ, ಆಮೇಲೆ ಬಿಡಿಸಿ ಒಮ್ಮೆ.

ಮುಗಿದ ಬ್ಲಾಕ್ 12½ ಇರಬೇಕು, ⅛ ಇಂಚಿನ ಹೆಚ್ಚು ಕಡಿಮೆ ಕ್ಷಮ್ಯ. ದೊಡ್ಡದಾಯಿತೆಂದು ಅಂಚು ಕತ್ತರಿಸಿ ಸರಿಮಾಡಲು ಹೋಗಬೇಡಿ. ತ್ರಿಕೋನದ ಚೂಪು ತುದಿ ಹೊರ ಅಂಚಿನಿಂದ ಕಾಲು ಇಂಚು ಒಳಗಿರಬೇಕು, ಜೋಡಣೆಯ ಹೊಲಿಗೆ ಆ ತುದಿಯ ಮೇಲೆ ಹಾಯುತ್ತದೆ. ಅಂಚು ಕತ್ತರಿಸಿದರೆ ಚೂಪು ಮೊಂಡಾಗುತ್ತದೆ. ಒಳಗಿನ ಹೊಲಿಗೆ ಬಿಚ್ಚಿ ಸರಿಮಾಡಿ, ಇಲ್ಲವೇ ಇದ್ದ ಹಾಗೆ ಕೊಟ್ಟು ಹೇಳಿಬಿಡಿ.

ಹೆಸರು ಬರೆದು ಕಟ್ಟುವುದು

ಪ್ರತಿ ಬ್ಲಾಕ್‌ನ ಹಿಂದೆ ಹೆಸರು, ಊರು, ವರ್ಷ. ಬಾಲ್‌ಪೆನ್ ತೊಳೆದಾಗ ಹರಡುತ್ತದೆ, ಸಾಮಾನ್ಯ ಮಾರ್ಕರ್ ಮುಂಭಾಗಕ್ಕೆ ಇಳಿಯುತ್ತದೆ. ಬಟ್ಟೆಯ ಪಿಗ್ಮೆಂಟ್ ಪೆನ್ನಿನಲ್ಲಿ ಹಿನ್ನೆಲೆಯ ಒಂದು ಚಿಕ್ಕ ತುಂಡಿನ ಮೇಲೆ ಬರೆದು, ಒಣ ಇಸ್ತ್ರಿ ಒತ್ತಿ, ಆ ತುಂಡನ್ನು ಹಿಂದೆ ಎರಡು ಹೊಲಿಗೆ ಹಾಕಿ ನಿಲ್ಲಿಸಿದರೆ ಪಡೆದವರು ಕ್ವಿಲ್ಟ್ ಮುಗಿದ ಮೇಲೆ ಹಿಂಬದಿಗೆ ವರ್ಗಾಯಿಸಿಕೊಳ್ಳಬಹುದು. ಕ್ವಿಲ್ಟ್ ಒಳಗೆ ಮುಚ್ಚಿಹೋದ ಹೆಸರನ್ನು ಯಾರೂ ಓದುವುದಿಲ್ಲ.

ಹೊರ ಊರಿನವರಿದ್ದರೆ ಟಪಾಲು. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ) ಪಾಪ್ಲಿನ್‌ನ ಒಂದು ಬ್ಲಾಕ್ ಸುಮಾರು 15 ಗ್ರಾಂ ತೂಗುತ್ತದೆ, ಹದಿಮೂರು ಸೇರಿ 200 ಗ್ರಾಂ ಆಸುಪಾಸು. ಮಡಚದೆ, ಚಪ್ಪಟೆಯಾಗಿ, ರಟ್ಟಿನ ಹಾಳೆಯ ಮೇಲಿಟ್ಟು ಜಿಪ್ ಚೀಲದಲ್ಲಿ ಹಾಕಿ. ಮಳೆಗಾಲದಲ್ಲಿ ಜಿಪ್ ಚೀಲ ಕಡ್ಡಾಯ. ಪಿನ್ನು ಒಳಗೆ ಉಳಿಯದಿರಲಿ, ಸ್ಟೇಪ್ಲರ್ ಬೇಡ. ಒಗ್ಗರಣೆ, ನುಸಿಗುಳಿಗೆ, ಊದುಬತ್ತಿಯ ವಾಸನೆ ಬಟ್ಟೆಗೆ ಹಿಡಿಯುತ್ತದೆ. ಅಡುಗೆಮನೆಯ ಪಕ್ಕ ಒಣಹಾಕಬೇಡಿ. ವಾಪಸಿನ ಅಂಚೆ ಖರ್ಚನ್ನು ಸಂಚಾಲಕಿಗೆ ಮೊದಲೇ ಯುಪಿಐ ಮಾಡಿಬಿಡಿ, ಆಮೇಲೆ ಕೇಳಲು ಅವರಿಗೆ ಮುಜುಗರ. ಅಮೆರಿಕ, ದುಬೈಯ ಗೆಳತಿಯರು ಸೇರಿಕೊಂಡಿದ್ದರೆ ಅಲ್ಲಿಯವರೆಲ್ಲ ಒಬ್ಬರ ಮನೆಯಲ್ಲಿ ಕೂಡಿಸಿ, ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಕಳಿಸುವುದು ಸಸ್ತಾ.

ಹಂಚುವ ಕೆಲಸಕ್ಕೆ ದೊಡ್ಡ ಮೇಜು, ಇಲ್ಲವೇ ಗುಡಿಸಿ ಒರೆಸಿದ ನೆಲ. ಹನ್ನೆರಡು ಹೆಸರಿನ ಚೀಟಿ ಸಾಲಾಗಿ ಇಡಿ. ಒಬ್ಬರ ಕಟ್ಟು ಬಿಚ್ಚಿ ಪ್ರತಿ ಚೀಟಿಗೆ ಒಂದೊಂದು ಹಾಕಿ, ಹದಿಮೂರನೆಯದು ಹೆಚ್ಚುವರಿ ಕಟ್ಟಿಗೆ. ಆಮೇಲೆ ಮುಂದಿನ ಕಟ್ಟು. ಎರಡು ಕಟ್ಟು ಒಟ್ಟಿಗೆ ಬಿಚ್ಚಬೇಡಿ. ಗಡುವು ಮೀರಿದವರಿಗಾಗಿ ಉಳಿದ ಹನ್ನೊಂದು ಜನರನ್ನು ಕಾಯಿಸುವುದು ಸರಿಯಲ್ಲ: ಹಂಚಿಬಿಡಿ, ಅವರ ಪಾಲು ತೆಗೆದಿಡಿ, ಅವರ ಬ್ಲಾಕ್ ಬಂದ ದಿನ ಕೊಡಿ. ಒಬ್ಬರು ಏಳೇ ಹೊಲಿದಿದ್ದರೆ ಅವರಿಗೂ ಏಳೇ. ಮುಖ ನೋಡಿ ಹಂಚಿದರೆ ಮುಂದಿನ ವರ್ಷ ಗುಂಪೇ ಇರುವುದಿಲ್ಲ.

ಬಂದದ್ದು ಅಳತೆಗೆ ಕೂರದಿದ್ದರೆ

ಎಷ್ಟು ಹೇಳಿದರೂ ಒಂದೆರಡು ಬರುತ್ತವೆ. ಮೊದಲು ಎಲ್ಲವನ್ನೂ ಉಗಿ ಹಾಯಿಸಿ ಇಸ್ತ್ರಿ ಮಾಡಿ ಅಳೆಯಿರಿ. ಪಯಣದ ಸುಕ್ಕಿನಲ್ಲೇ ⅛ ಇಂಚು ಅಡಗಿರುತ್ತದೆ.

⅛ ಇಂಚಿನ ವ್ಯತ್ಯಾಸವನ್ನು ಹೊಲಿಗೆಯಲ್ಲೇ ನುಂಗಿಸಬಹುದು. ಎರಡು ತುದಿ, ನಡು, ಕಾಲು ಭಾಗಗಳಲ್ಲಿ ಪಿನ್ನು ಚುಚ್ಚಿ, ದೊಡ್ಡ ತುಂಡು ಕೆಳಗೆ ಬರುವಂತೆ ಇಟ್ಟು ಹೊಲಿಯಿರಿ. ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ತುಸು ಹೆಚ್ಚು ಎಳೆದುಕೊಳ್ಳುತ್ತದೆ, ಹೆಚ್ಚಿನದು ಅಲ್ಲೇ ಕರಗುತ್ತದೆ.

ಅದಕ್ಕಿಂತ ಹೆಚ್ಚಾದರೆ ಚೌಕಟ್ಟು ಹಾಕಿ, ಒಂದಕ್ಕಲ್ಲ, ಎಲ್ಲಕ್ಕೂ. ಪ್ರತಿ ಬ್ಲಾಕ್‌ನ ನಾಲ್ಕು ಬದಿಗೆ 1½ ಇಂಚು ಅಗಲದ ಪಟ್ಟಿ ಹೊಲಿಯಿರಿ. 12 ಇಂಚಿನ ಬ್ಲಾಕ್ 14 ಆಗುತ್ತದೆ, 12½ರದು 14½. ಎಲ್ಲವನ್ನೂ ಬ್ಲಾಕ್ ನಡುವೆ ಬರುವಂತೆ 14ಕ್ಕೆ ಕತ್ತರಿಸಿದರೆ ಕುಳ್ಳ-ಉದ್ದ ಸಮವಾದವು. ಚೌಕಟ್ಟಿನ ಬಣ್ಣ ಹಿನ್ನೆಲೆಯದೇ ಆಗಿರಲಿ, ಅಗಲದ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಗಾಢ ಬಣ್ಣ ಹಾಕಿದರೆ ತಪ್ಪಿಗೆ ಗೆರೆ ಎಳೆದು ತೋರಿಸಿದಂತೆ. ಮೂಲೆ ಓರೆಯಾಗಿ ಚೌಕವೇ ಅಲ್ಲದಂತಾದ ಬ್ಲಾಕನ್ನು ಹೆಚ್ಚುವರಿ ಕಟ್ಟಿನಿಂದ ಬದಲಿಸಿಕೊಂಡು, ಅದನ್ನು ದಿಂಬಿನ ಗವಸಿಗೆ ಬಳಸಿ.

ಹೊದಿಕೆಯಾಗುವವರೆಗೆ

52×66 ಗಾತ್ರಕ್ಕೆ, 44 ಇಂಚು ಪನ್ನದಲ್ಲಿ: ನಡುಪಟ್ಟಿಗೆ ಒಂದು ಮೀಟರ್ (2½ ಇಂಚಿಗೆ ಕತ್ತರಿಸಿ), ಅಂಚಿಗೆ ಒಂದು ಮೀಟರ್ (4½ ಇಂಚಿಗೆ), ಸುತ್ತಿನ ಪೈಪಿಂಗ್‌ಗೆ ಅರ್ಧ ಮೀಟರ್ (2½ ಇಂಚಿನ ಏಳು ಪಟ್ಟಿ, ಎರಡಾಗಿ ಮಡಚಿ), ಹಿಂಬದಿಗೆ 3¼ ಮೀಟರ್. ಚೌಕಟ್ಟು ಹಾಕಿ ಬ್ಲಾಕ್ ದೊಡ್ಡದು ಮಾಡಿಕೊಂಡಿದ್ದರೆ ನಡುಪಟ್ಟಿಯನ್ನು ಬಿಟ್ಟೂ ಜೋಡಿಸಬಹುದು. ಹಿಂಬದಿ ನಾಲ್ಕು ಕಡೆಯೂ 4 ಇಂಚು ದೊಡ್ಡದಿರಬೇಕು. ಗಟ್ಟಿಯಾಗಿರುವ ಒಂದು ಹತ್ತಿ ಸೀರೆಯನ್ನು ಎರಡಾಗಿ ಕತ್ತರಿಸಿ ಜೋಡಿಸಿದರೂ ಆಗುತ್ತದೆ.

ನಡುವಿನ ಪದರಕ್ಕೆ ಅಂಗಡಿಯ ವ್ಯಾಡಿಂಗ್ ಹಾಳೆ ಬೆಚ್ಚಗಿರುತ್ತದೆ, ಆದರೆ ಪಾಲಿಯೆಸ್ಟರಿನದು ಹುಬ್ಬಳ್ಳಿಯ ಬೇಸಿಗೆಯಲ್ಲಿ ಮೈಮೇಲೆ ನಿಲ್ಲುವುದಿಲ್ಲ. ಇಲ್ಲಿ ಕೌದಿಯ ವಿದ್ಯೆ ಉಪಯೋಗಕ್ಕೆ ಬರುತ್ತದೆ: ಒಳಗೆ ಎರಡು ಪದರ ಹಳೆಯ ಹತ್ತಿ ಸೀರೆ ಹಾಸಿ, ನಡುವಿನಿಂದ ಹೊರಕ್ಕೆ ಅಂಗೈ ಅಗಲಕ್ಕೊಂದು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಒಂದೊಂದು ಇಂಚಿಗೆ ಕೈಯಿಂದ ರನ್ನಿಂಗ್ ಹೊಲಿಗೆ. ಬಿಡಿ ಹತ್ತಿ ತುಂಬಬೇಡಿ, ಎರಡು ಒಗೆತಕ್ಕೆ ಮೂಲೆಗೆ ಗುಡ್ಡೆಯಾಗುತ್ತದೆ. ಮುಗಿದ ಮೇಲೆ ಮೊದಲ ಒಗೆತ ತಣ್ಣೀರಿನಲ್ಲಿ, ಒಂಟಿಯಾಗಿ, ನೆರಳಿನಲ್ಲಿ ಮಲಗಿಸಿ ಒಣಗಿಸಿ. ನೀರಿನಲ್ಲಿ ಬಣ್ಣ ಕಂಡರೆ ಒಣಗಲು ಬಿಡದೆ ಮತ್ತೆ ಮತ್ತೆ ಹೊಸ ನೀರಿಗೆ ಹಾಕುತ್ತಿರಿ. ಒಣಗಿದ ಕಲೆ ಹೋಗುವುದು ಕಷ್ಟ.

ಇಷ್ಟೊಂದು ಒಂದೇ ನಮೂನೆ ಹೊಲಿಯಲು ಬೇಸರವೆನ್ನುವ ಗುಂಪಿಗೆ ಇನ್ನೊಂದು ದಾರಿಯಿದೆ, ರಾಣಿಜೇನಿನ ಸರದಿ. ತಿಂಗಳಿಗೊಬ್ಬರು ರಾಣಿ, ಅವರು ತಮಗೆ ಬೇಕಾದ ನಮೂನೆ, ಬಣ್ಣ ಹೇಳಿ ಹಿನ್ನೆಲೆ ಬಟ್ಟೆ ಕೊಡುತ್ತಾರೆ, ಉಳಿದವರು ತಲಾ ಒಂದು ಬ್ಲಾಕ್ ಹೊಲಿದುಕೊಡುತ್ತಾರೆ. ತಿಂಗಳಿಗೆ ಒಂದೇ ಬ್ಲಾಕ್, ಹೊರೆಯಲ್ಲ. ತೊಡಕಿರುವುದು ಕೊನೆಯ ತಿಂಗಳುಗಳಲ್ಲಿ: ತಮ್ಮ ಸರದಿ ಮುಗಿದವರ ಉತ್ಸಾಹ ಇಳಿದಿರುತ್ತದೆ, ಹನ್ನೆರಡನೆಯ ರಾಣಿಗೆ ಎಂಟೇ ಬ್ಲಾಕ್ ಬರುತ್ತವೆ. ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ, ಆದರೆ ಸಂಚಾಲಕಿಯ ಹೆಸರು ಮಾತ್ರ ಕಡೆಗಿರಲಿ. ಎಲ್ಲರಿಂದ ಬೆನ್ನುಹತ್ತಿ ವಸೂಲು ಮಾಡುವವರು ಅವರೊಬ್ಬರೇ.